ಮಂಗಳವಾರದ ಡಾಕ್ಟರ್ ಎಲ್ಲಿ, ಶಾಸಕರೇ?

ಮಾನ್ಯ ಶಾಸಕರಿಗೆ ಕೋಲಾರ ಜಿಲ್ಲೆಯ ಒಬ್ಬ ಮತದಾರಳ ನಮಸ್ಕಾರ.

ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದು ರೋಗಿಗಳನ್ನು ನೋಡಬೇಕು. ಮನೋಚೈತನ್ಯ ಅಂತ ಸರ್ಕಾರವೇ ಮಾಡಿದ ಕಾರ್ಯಕ್ರಮ ಅದು. ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲಿ ಮಂಗಳವಾರ ಬರುತ್ತೆ, ಡಾಕ್ಟರ್ ಬರಲ್ಲ.

ನನ್ನ ಯಜಮಾನರಿಗೆ ಎಪ್ಪತ್ತು ದಾಟಿದೆ. ಮಾವಿನ ತೋಟ ನೋಡಿಕೊಂಡು, ನಾಲ್ಕು ಹಸು ಕಟ್ಟಿಕೊಂಡಿದ್ದವರು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಅಲ್ಲೇ ಕಟ್ಟೆ ಮೇಲೆ ಕೂತು ಊರಿನ ರಾಜಕೀಯವನ್ನೆಲ್ಲ ಮಾತಾಡಿ ಬರೋರು. ನಿಮ್ಮನ್ನು ಹೊಗಳಿದ್ದೂ ಉಂಟು, ಬೈದಿದ್ದು ಅದಕ್ಕಿಂತ ಜಾಸ್ತಿ. ಬೋರ್‌ವೆಲ್ ಬತ್ತಿತು, ಹಸು ಮಾರಿದೆವು, ಮಗ ಸಂಸಾರ ಸಮೇತ ಬೆಂಗಳೂರು ಸೇರಿದ. ಆಮೇಲೆ ಇವರು ಡೈರಿ ಕಡೆ ತಲೆ ಹಾಕಲಿಲ್ಲ. ಮೂರು ಗಂಟೆಗೇ ಎಚ್ಚರ. ಅಂಗಿ ತೊಟ್ಟು, ಒಂದು ಗುಂಡಿ ಹಾಕಿ, ಮಿಕ್ಕಿದ್ದನ್ನು ಹಾಗೇ ಬಿಟ್ಟು ಮಂಚದ ಮೇಲೆ ಕೂತುಬಿಡೋರು. ಮುದ್ದೆ ಮುರಿದು ತಟ್ಟೆಯಲ್ಲೇ ಇಡೋರು. ಕೇಳಿದರೆ ಎದೆ ಭಾರ, ಹೊಟ್ಟೆ ಉರಿ. ಬೇಜಾರು ಅಂತ ಒಂದು ದಿನವೂ ಹೇಳಲಿಲ್ಲ. ಗ್ಯಾಸ್ ಮಾತ್ರೆ, ಶಕ್ತಿ ಇಂಜೆಕ್ಷನ್ ಅಂತ ವರ್ಷ ಕಳೆಯಿತು. ಕೊನೆಗೆ ನಿಮ್ಹಾನ್ಸ್‌ನಲ್ಲಿ ಇದು ಖಿನ್ನತೆ ಅಂದರು. ವಯಸ್ಸಾದವರಲ್ಲಿ ಹೀಗೆ ಮೈನೋವು, ನಿದ್ದೆಗೇಡು, ಮರೆವಿನ ವೇಷದಲ್ಲೇ ಬರುತ್ತಂತೆ. ಮಾತ್ರೆ ಕೆಲಸ ಮಾಡೋಕೆ ಕೆಲವು ವಾರ ಬೇಕು, ನಡುವೆ ತಟ್ಟನೆ ನಿಲ್ಲಿಸಬಾರದು, ಹತ್ತಿರದ ಆಸ್ಪತ್ರೆಯಲ್ಲೇ ತಗೊಳ್ಳಿ ಅಂದರು.

ಹತ್ತಿರದ ಆಸ್ಪತ್ರೆ! ಅಲ್ಲಿ ನಡೆದದ್ದು ಕೇಳಿ. ಹಿರಿಯರಿಗೆ ಬೇರೆ ಸಾಲು ಇರಬೇಕು ಅಂತ 2007ರ ಹಿರಿಯ ನಾಗರಿಕರ ಕಾಯ್ದೆಯೇ ಹೇಳುತ್ತೆ, ಅಲ್ವಾ? ಸಾಲಿರಲಿ, ಕೂರೋಕೆ ಬೆಂಚಿಲ್ಲ. ನಮ್ಮ ಸರದಿ ಬಂದಾಗ ಕಿಟಕಿಯೊಳಗಿಂದ, "ಹುಚ್ಚಿನ ಮಾತ್ರೆ ಸ್ಟಾಕ್ ಇಲ್ಲಮ್ಮ, ಮುಂದಿನ ವಾರ ನೋಡಿ" ಅಂತ ಕೂಗಿದರು. ಹಿಂದೆ ನಮ್ಮೂರಿನವರೇ ನಿಂತಿದ್ದರು. ಡಾಕ್ಟರ್ ಯಾವಾಗ ಬರ್ತಾರೆ ಅಂದೆ. "ಈ ವಯಸ್ಸಲ್ಲಿ ಎಲ್ಲರಿಗೂ ಇದ್ದದ್ದೇ, ರಾಮಾ ಕೃಷ್ಣಾ ಅಂತ ಮನೇಲಿರಿ." ಇವರು ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ನನಗಿಂತ ಮುಂದೆ ಬಸ್‌ಸ್ಟ್ಯಾಂಡಿಗೆ ನಡೆದರು. ಅವತ್ತಿಂದ ಆಸ್ಪತ್ರೆ ಅಂದರೆ ಮುಖ ಗೋಡೆ ಕಡೆ ತಿರುಗಿಸುತ್ತಾರೆ. ಆ ಮಾತಾಡಿದವರು ರಾಮಾ ಕೃಷ್ಣಾ ಅಂದುಕೊಂಡು ಬಿಪಿ ಮಾತ್ರೆ ಬಿಡ್ತಾರಾ, ಕೇಳಿ ಹೇಳಿ.

2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ನಿಮ್ಮಂಥವರೇ ಸಂಸತ್ತಿನಲ್ಲಿ ಕೂತು ಮಾಡಿದ್ದು. ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಯಲ್ಲೂ ಅಗತ್ಯ ಔಷಧಿ ಪಟ್ಟಿಯ ಮಾತ್ರೆ ಸದಾ ಪುಕ್ಕಟೆ ಸಿಗಬೇಕು ಅಂತ ಅದರಲ್ಲಿದೆ. ಸದಾ ಅಂದರೆ ಮುಂದಿನ ವಾರ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ 14416ಕ್ಕೂ ಫೋನ್ ಮಾಡಿದೆ. ಪಾಪ, ಸಮಾಧಾನವಾಗಿ ಕನ್ನಡದಲ್ಲೇ ಮಾತಾಡಿದರು. ಆದರೆ ಫೋನಲ್ಲಿ ಮಾತ್ರೆ ಉದುರಲ್ಲವಲ್ಲ ಸ್ವಾಮಿ. ಹೊರಗೆ ಕೊಂಡರೆ ಸಂಧ್ಯಾ ಸುರಕ್ಷಾ ಪಿಂಚಣಿ ದುಡ್ಡು ಬಸ್ ಚಾರ್ಜಿಗೂ ಉಳಿಯಲ್ಲ.

ನಿಮ್ಮ ಹುಟ್ಟುಹಬ್ಬಕ್ಕೆ ಕಣ್ಣಿನ ಶಿಬಿರ ಮಾಡ್ತೀರಿ. ಒಳ್ಳೇದು. ಕನ್ನಡಕ ಬಂದಿದೆ, ಹಾಕಿಕೊಳ್ಳೋಕೆ ಇವರಿಗೆ ಮನಸ್ಸಿಲ್ಲ.

ಮಂಗಳವಾರ ಡಾಕ್ಟರ್ ಬರಲಿ. ಮಾತ್ರೆ ಇರಲಿ. ಬರದ ವಾರ ಹಿಂದಿನ ದಿನವೇ ಗೇಟಿಗೆ ಚೀಟಿ ಅಂಟಿಸಲಿ, ಮುದುಕರು ಸುಮ್ನೆ ಬಸ್ ಹತ್ತೋದು ತಪ್ಪುತ್ತೆ. ಆ ಕಿಟಕಿಯಲ್ಲಿ ಕಾಯಿಲೆ ಹೆಸರು ಕೂಗೋದನ್ನು ನಿಲ್ಲಿಸಲಿ. ನೀವು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಸಭೆಗೆ ಹೋದಾಗ ಇದನ್ನು ಕೇಳಿ, ಏನು ಉತ್ತರ ಬಂತು ಅಂತ ನಮಗೂ ತಿಳಿಸಿ. ಇನ್ನೊಮ್ಮೆ ಹೇಳ್ತೀನಿ, ಮಂಗಳವಾರ ಡಾಕ್ಟರ್ ಬರಲಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಹಿರಿಯ ಮತದಾರಳು