ಗೆಳೆಯನಿಗೊಂದು ಪತ್ರ: ಸಾರು ಯಾರಿಗಾಗಿ?

ಪ್ರಿಯ ಸೇನಾಪತಿಗಳೇ,

ಬದುಕುಳಿಯುವ ಕಂಪ್ಯೂಟರ್ ಆಟಗಳಲ್ಲಿ ಒಲೆಯ ಮುಂದೆ ಕೂರುವುದು ಶುದ್ಧ ದಂಡವೆಂದು ನೀನು ಮತ್ತೆ ವಾದ ಹೂಡಿದ್ದೀಯೆ. ನಾಲ್ಕು ಜನರೆದುರು ಹೂಡಿದ ವಾದಕ್ಕೆ ನಾಲ್ಕು ಜನರೆದುರೇ ಉತ್ತರ ಕೊಡುವುದು ನ್ಯಾಯವಾದ್ದರಿಂದ ಈ ಪತ್ರವನ್ನು ನಿನಗೊಬ್ಬನಿಗೇ ಕಳಿಸದೆ ಇಲ್ಲಿ ಹಾಕುತ್ತಿದ್ದೇನೆ. ಓದುತ್ತಿರುವ ಉಳಿದವರು ದಯವಿಟ್ಟು ನನ್ನ ಪಕ್ಷ ವಹಿಸಬೇಕು. ಮೂರನೆಯ ಹಂದಿಯ ವಿಚಾರವನ್ನು ಮಾತ್ರ ಯಾರೂ ಕೇಳಕೂಡದು.

ನಿನ್ನ ಕಡೆಗಿರುವ ಸತ್ಯವನ್ನು ಮೊದಲೇ ಒಪ್ಪಿಬಿಡುತ್ತೇನೆ. ಮೈನ್‌ಕ್ರಾಫ್ಟ್‌ನಲ್ಲಿ ಹೊಟ್ಟೆ ಎಷ್ಟು ತುಂಬಿದೆಯೆಂದು ತೋರಿಸುವ ಹಸಿವಿನ ಪಟ್ಟಿಗೆ ಒಟ್ಟು 20 ಅಂಕ. ದನದ ಹಸಿ ಮಾಂಸ ಅದರಲ್ಲಿ ತುಂಬುವುದು 3 ಅಂಕವನ್ನು. ಅದನ್ನೇ ಕುಲುಮೆಯಲ್ಲಿ 10 ಸೆಕೆಂಡು ಬೇಯಿಸಿದರೆ 8. ಹಸಿವು ಮರಳಿ ಬರುವುದನ್ನು ತಡೆದು ನಿಲ್ಲಿಸುವ, ಕಣ್ಣಿಗೆ ಕಾಣದ ಸ್ಯಾಚುರೇಶನ್ ಕೂಡ 1.8ರಿಂದ 12.8ಕ್ಕೆ ಏರುತ್ತದೆ. ಒಂದು ಕಲ್ಲಿದ್ದಲಿನಲ್ಲಿ 8 ತುಂಡುಗಳು ಬೇಯುತ್ತವೆ. ಇಷ್ಟು ಮಾತ್ರದ ಅಡುಗೆಯನ್ನೂ ಬೇಡವೆನ್ನುವವನು ಸೋಮಾರಿಯಲ್ಲ, ಹಟಮಾರಿ. ಆದರೆ ಅಲ್ಲಿಂದ ಒಂದು ಹೆಜ್ಜೆ ಮುಂದಿಟ್ಟು ಮೊಲದ ಸಾರಿಗೆ ಕೈಹಾಕಿದೆಯೋ, ಲೆಕ್ಕ ಪೂರ್ತಿ ನಿನ್ನ ಕಡೆಗೆ ವಾಲುತ್ತದೆ. ಮೊಲವನ್ನು ಅಟ್ಟಿ ಹಿಡಿದು ಬೇಯಿಸಬೇಕು, ಆಲೂಗಡ್ಡೆ ಸುಡಬೇಕು, ಕ್ಯಾರೆಟ್ ಬೆಳೆಯಬೇಕು, ಅಣಬೆ ಹುಡುಕಬೇಕು, ಮರದ ಬಟ್ಟಲು ಕೆತ್ತಬೇಕು. ಇಷ್ಟೆಲ್ಲ ಮಾಡಿದ ಮೇಲೆ ಸಿಗುವುದು 10 ಅಂಕ, ಸ್ಯಾಚುರೇಶನ್ 12; ಅಂದರೆ ಒಂದು ವಿಷಯದಲ್ಲಿ ಸುಟ್ಟ ಮಾಂಸಕ್ಕಿಂತ ತುಸು ಹೆಚ್ಚು, ಇನ್ನೊಂದರಲ್ಲಿ ತುಸು ಕಡಿಮೆ. ಸುಟ್ಟ ಮಾಂಸವಾದರೆ ಚೀಲದ ಒಂದೇ ಮನೆಯಲ್ಲಿ 64 ತುಂಡುಗಳು ಕೂರುತ್ತವೆ, ಸಾರಿನ ಪ್ರತಿಯೊಂದು ಬಟ್ಟಲೂ ತನಗೇ ಒಂದು ಮನೆ ಬೇಕೆಂದು ಪಟ್ಟು ಹಿಡಿಯುತ್ತದೆ. ಈ ಸಾರನ್ನು ಸಮರ್ಥಿಸಲು ನನ್ನ ಬಳಿ ಯಾವ ವಾದವೂ ಇಲ್ಲ, ಆದರೂ ಮಾಡುತ್ತೇನೆ.

ಆದರೆ ನೀನು ಎಲ್ಲ ಆಟಗಳನ್ನೂ ಮೈನ್‌ಕ್ರಾಫ್ಟ್‌ನ ತಕ್ಕಡಿಯಲ್ಲೇ ತೂಗುತ್ತೀಯೆ. ಡೋಂಟ್ ಸ್ಟಾರ್ವ್ ಟುಗೆದರ್‌ನಲ್ಲಿ ಒಂದು ಸಣ್ಣ ಮಾಂಸದ ತುಂಡು ತುಂಬುವ ಹಸಿವು 12.5. ಅದರ ಜೊತೆ ಮೂರು ಮಂಜುಗಡ್ಡೆಯ ಚೂರುಗಳನ್ನು ಹಾಕಿ ಪಾತ್ರೆ ಮುಚ್ಚಿದರೆ ಹೊರಬರುವ ಮಾಂಸದುಂಡೆ 62.5 ತುಂಬುತ್ತದೆ. ವಿಲ್ಸನ್‌ನಂಥ ಸಾಮಾನ್ಯ ಪಾತ್ರಕ್ಕೆ ದಿನಕ್ಕೆ ಬೇಕಾಗುವುದೇ 75. ಬರಿಯ ನೀರುಗಲ್ಲನ್ನು ಸೇರಿಸಿ ಊಟವನ್ನು ಐದು ಪಟ್ಟು ಮಾಡಿಕೊಡುವ ಪಾತ್ರೆಯನ್ನು ದಂಡವೆಂದು ಕರೆಯಲು ನಿನ್ನಷ್ಟು ಧೈರ್ಯ ಬೇಕು. ವಾಲ್‌ಹೈಮ್‌ನ ವ್ಯವಸ್ಥೆಯಂತೂ ಇನ್ನೂ ಬೇರೆ. ಅಲ್ಲಿ ಹಸಿವಿನಿಂದ ಯಾರೂ ಸಾಯುವುದಿಲ್ಲ. ಏನೂ ತಿನ್ನದವನ ಜೀವಬಲ 25ರಲ್ಲೇ ನಿಂತಿರುತ್ತದೆ, ಅಷ್ಟೆ. ಮೂರು ಬೇರೆ ಬೇರೆ ತಿನಿಸುಗಳನ್ನು ಒಟ್ಟಿಗೆ ಹೊಟ್ಟೆಯಲ್ಲಿಟ್ಟುಕೊಂಡವನು ಅದರ ಹಲವು ಪಟ್ಟು ಬಲದೊಂದಿಗೆ ಕಾಡಿಗಿಳಿಯುತ್ತಾನೆ. ಅಲ್ಲಿ ಊಟವೇ ಕವಚ. ಆ ಜೌಗುನೆಲದಲ್ಲಿ ನೀನು ಖಾಲಿ ಹೊಟ್ಟೆಯಲ್ಲಿ ನುಗ್ಗಿ ಒಂದೇ ಏಟಿಗೆ ಉರುಳಿದ್ದನ್ನು ಧೈರ್ಯವೆಂದು ಇಂದಿಗೂ ಹೇಳಿಕೊಳ್ಳುತ್ತಿರುವುದರಿಂದ ಇದನ್ನು ಬರೆಯಬೇಕಾಯಿತು.

ಇಲ್ಲಿಗೆ ವಾದ ಮುಗಿದು ನಾನು ಗೆದ್ದೆನೆಂದು ಘೋಷಿಸಬಹುದಿತ್ತು. ಆದರೆ ಉತ್ತರಕ್ಕೆ ಸಾಕ್ಷಿ ಒದಗಿಸೋಣವೆಂದು ನಮ್ಮಿಬ್ಬರ ಹಳೆಯ ವಾಲ್‌ಹೈಮ್ ಲೋಕವನ್ನು ತೆರೆದು ಉಗ್ರಾಣದ ಪೆಟ್ಟಿಗೆಗಳನ್ನು ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು, ಅಂದಿನಿಂದ ಅದು ತಲೆಯಿಂದ ಹೋಗುತ್ತಿಲ್ಲ. ಕಡಲ ಹಾವಿನ ಸಾರು ಅಲ್ಲಿ ಹಾಗೇ ಇದೆ. ಹಾವಿನ ಬೇಯಿಸಿದ ಮಾಂಸ, ಅಣಬೆ, ಜೇನು ಸೇರಿಸಿ ದೊಡ್ಡ ಕಡಾಯಿಯಲ್ಲಿ ಮಾಡಿದ ಸಾರು. ಆ ಹಾವಿಗಾಗಿ ಬಿರುಗಾಳಿಯಲ್ಲಿ ದೋಣಿ ಬಿಟ್ಟು ನಾವು ಪಟ್ಟ ಪಾಡು ನಿನಗೆ ಗೊತ್ತು. ಅದನ್ನು ನಾನು ಒಮ್ಮೆಯೂ ಕುಡಿದಿಲ್ಲ. ದೊಡ್ಡ ಕಾಳಗಕ್ಕೆ ಇರಲಿ ಎಂದು ಎತ್ತಿಟ್ಟೆ, ದೊಡ್ಡ ಕಾಳಗ ಬಂದಾಗ ಇದಕ್ಕಿಂತ ದೊಡ್ಡದು ಮುಂದಿದೆಯೆಂದು ಹಂದಿಮಾಂಸ ತಿಂದು ಹೋದೆ. ಎಲ್ಲ ಕಾಳಗಗಳನ್ನೂ ಹೀಗೆ ಎರಡನೆಯ ದರ್ಜೆಯ ಊಟದಲ್ಲಿಯೇ ಮುಗಿಸಿದ್ದೇನೆ.

ಆ ಆಟದಲ್ಲಿ ಆಹಾರ ಕೆಡುವುದಿಲ್ಲ ಎನ್ನುವುದು ಈ ರೋಗಕ್ಕೆ ಗೊಬ್ಬರ. ಡೋಂಟ್ ಸ್ಟಾರ್ವ್‌ನಲ್ಲಾದರೆ ತಿನಿಸಿನ ಹಿಂದಿನ ಬಣ್ಣ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗಿ ಕೊನೆಗೆ ಹೆಚ್ಚುಕಡಿಮೆ ಎಲ್ಲವೂ ಕೊಳೆತುಹೋಗುತ್ತದೆ. ಅಲ್ಲಿನ ಶೀತಪೆಟ್ಟಿಗೆ ಕೂಡ ಕೊಳೆಯುವುದನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಮೊದಲು ಅದನ್ನು ಆಟದ ಕ್ರೌರ್ಯವೆಂದು ತಿಳಿದಿದ್ದೆ. ಈಗ ಅನಿಸುವುದೇನೆಂದರೆ, ನನ್ನಂಥವನ ಕೈಯಿಂದ ತುತ್ತು ಬಾಯಿಗೆ ಹೋಗಬೇಕಾದರೆ ಯಾರಾದರೂ ಹಾಗೆ ಗಡುವು ಹಾಕಿ ಬೆದರಿಸಲೇಬೇಕು. ಹಾಗಾಗಿ ನಿನ್ನ ಪ್ರಶ್ನೆಗೆ ನನ್ನ ನಿಜವಾದ ಉತ್ತರವಿದು: ಪಟ್ಟ ಶ್ರಮಕ್ಕೆ ತಕ್ಕ ಫಲವನ್ನು ಅಡುಗೆ ಕೊಡುತ್ತದೆ, ಆದರೆ ಅದು ತಿಂದವನಿಗೆ. ನನ್ನ ಮಟ್ಟಿಗೆ ನೋಡಿದರೆ ನೀನು ಹೇಳಿದ್ದೇ ಸರಿ, ಅದು ದಂಡ. ಕಾರಣ ಮಾತ್ರ ನೀನು ಹೇಳಿದ್ದಲ್ಲ.

ಇಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ. ಆದರೆ ಬರೆಯುತ್ತಾ ಹೋದಂತೆ ಸಾರಿನ ವಿಷಯ ಸಾರಿನಲ್ಲೇ ಮುಗಿಯುತ್ತಿಲ್ಲ. ನಿನಗೆ ಹೇಳಬೇಕಾದ ಮಾತುಗಳನ್ನೂ ನಾನು ಹೀಗೆಯೇ ಎತ್ತಿಡುತ್ತಿದ್ದೇನೆ. ಹೋದ ವರ್ಷ ನನ್ನ ಕೆಲಸ ಹೋಗಿ ಕೆಲವು ತಿಂಗಳು ಮನೆಯಲ್ಲೇ ಇದ್ದೆ. ಆ ದಿನಗಳಲ್ಲಿ ನಾವು ಎಷ್ಟೋ ಸಲ ಜೊತೆಗೆ ಆಡಿದೆವು, ನೀನು ಕಬ್ಬಿಣ ಅಗೆಯುತ್ತಿದ್ದೆ, ನಾನು ಒಲೆಯ ಮುಂದಿದ್ದೆ. ಬಾಯಿ ತೆರೆದರೆ ಸಾಕಿತ್ತು. ಬಿಡುವಾಗಿ, ಸಮಾಧಾನವಾಗಿ, ಸರಿಯಾದ ಒಂದು ಸಂಜೆ ನೋಡಿ ಹೇಳಿದರಾಯಿತೆಂದು ಬಿಟ್ಟೆ. ಆಮೇಲೆ ಬೇರೆ ಕೆಲಸ ಸಿಕ್ಕಿತು, ಹೇಳುವ ಅಗತ್ಯವೇ ಇಲ್ಲವೆಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಅದನ್ನು ಈಗ ನೀನು ಗುರುತು ಪರಿಚಯವಿಲ್ಲದ ಇಷ್ಟು ಜನರ ಜೊತೆ ಸಾಲಿನಲ್ಲಿ ನಿಂತು ಓದುತ್ತಿದ್ದೀಯೆ. ಒಲೆಯ ಮುಂದೆ ಅಷ್ಟು ಹೊತ್ತು ಏನು ಮಾಡುತ್ತಿದ್ದೀಯೆಂದು ನೀನು ಆಗ ರೇಗಿದ್ದೆಯಲ್ಲ, ಮಾಂಸ ಕರಕಲಾಗದಂತೆ ಕಾಯುತ್ತಿದ್ದೇನೆಂದು ನಾನು ಹೇಳಿದ್ದು ಅರ್ಧ ಮಾತ್ರ ನಿಜ.

ಸರಿ, ಮುಖ ಗಂಭೀರ ಮಾಡಿಕೊಳ್ಳಬೇಡ, ನಿನಗೆ ಒಪ್ಪುವುದಿಲ್ಲ. ಕರೆ ಮಾಡಿ ಸಾಂತ್ವನ ಹೇಳುವ ಯೋಚನೆಯಿದ್ದರೆ ಅದನ್ನೂ ಕೈಬಿಡು, ನಾನೀಗ ಚೆನ್ನಾಗಿದ್ದೇನೆ, ತೂಕವೂ ಹೆಚ್ಚಾಗಿದೆ. ಹೊರಗಿನ ಲೋಕದಲ್ಲಿ ಊಟವನ್ನು ಪೆಟ್ಟಿಗೆಯಲ್ಲಿ ಉಳಿಸಿದ ಆರೋಪ ನನ್ನ ಮೇಲಿಲ್ಲ. ಬದಲಿಗೆ ಶನಿವಾರ ಆಟಕ್ಕೆ ಬಾ. ಯಾವ ಕಾಳಗವೂ ಇಲ್ಲದೆ, ಹಂದಿ ಓಡಿಸುವ ಕೆಲಸವಿದ್ದರೂ ಸಾಕು, ಇಬ್ಬರೂ ಆ ಹಾವಿನ ಸಾರನ್ನು ಕುಡಿದೇ ಹೊರಡೋಣ. ಮುಗಿದ ಮೇಲೆ ಮತ್ತೆ ಹಾವಿನ ಬೇಟೆಗೆ ಹೋಗಬೇಕಾಗುತ್ತದೆ. ಚುಕ್ಕಾಣಿ ನಿನ್ನದು, ಈಟಿ ನನ್ನದು. ಇದನ್ನು ಅದಲುಬದಲು ಮಾಡಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಮೊದಲನೆಯ ದೋಣಿ, ಎರಡನೆಯ ದೋಣಿ ಹಾಗೂ ಆ ಬಡಪಾಯಿ ಹಂದಿ ಸಾಕ್ಷಿ.

ನಿನ್ನ,
ಕಡಾಯಿ ಖಾತೆಯ ಮಂತ್ರಿ