ಅರ್ಧಕ್ಕೆ ನಿಂತ ಹಳೆಯ ಕಾರನ್ನು ಬಿಡಿಬಿಡಿಯಾಗಿ ಮಾರುವುದು ಬೇಡ

ಮಾನ್ಯ ಸಂಪಾದಕರೇ,

ಕಾರವಾರದಿಂದ ಭಟ್ಕಳದವರೆಗಿನ ಹಳೆಯ ಮನೆಗಳ ಕೊಟ್ಟಿಗೆಗಳಲ್ಲಿಯೂ ಘಟ್ಟದ ಮೇಲೆ ಶಿರಸಿ, ಸಿದ್ದಾಪುರಗಳ ಅಡಿಕೆ ಬೆಳೆಗಾರರ ಮನೆಗಳಲ್ಲಿಯೂ ದುರಸ್ತಿ ಅರ್ಧಕ್ಕೆ ನಿಂತ ಫಿಯೆಟ್, ಅಂಬಾಸಿಡರ್ ಕಾರುಗಳು ಇನ್ನೂ ಕೆಲವು ಉಳಿದಿವೆ. ಉತ್ಸಾಹದಿಂದ ಬಿಚ್ಚಿದವರಿಗೆ ಹಣವೋ ಆರೋಗ್ಯವೋ ಕೈಕೊಟ್ಟಾಗ ಅವು ಮಾರಾಟಕ್ಕೆ ಬರುತ್ತವೆ. ಆಗ ಎಂಜಿನ್ ಒಬ್ಬರಿಗೆ, ಗ್ರಿಲ್ ಮತ್ತು ಬಂಪರ್ ಇನ್ನೊಬ್ಬರಿಗೆ, ಬಾಡಿ ಗುಜರಿಗೆ ಎಂದು ಹಂಚಿಹೋಗುವ ಪರಿಪಾಠ ನಮ್ಮ ಜಿಲ್ಲೆಯಲ್ಲಿ ಬೆಳೆಯುತ್ತಿದೆ. ಇದು ನಿಲ್ಲಬೇಕೆಂದು ಕೋರುವುದಕ್ಕಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ನನ್ನ ಬಳಿ 1966ರ ಫಿಯೆಟ್ 1100 ಇದೆ. ವಯಸ್ಸಿನ ಕಾರಣದಿಂದ ದುರಸ್ತಿಯ ಕೆಲಸವನ್ನು ಮುಂದುವರಿಸಲಾಗದೆ ಅದನ್ನು ಮಾರಲು ನಿರ್ಧರಿಸಿದ್ದೇನೆ. ವಿಚಾರಿಸಲು ಬಂದವರಲ್ಲಿ ಹೆಚ್ಚಿನವರು ಕೇಳಿದ್ದು ಇಡೀ ಕಾರನ್ನಲ್ಲ. ಒಬ್ಬರಿಗೆ ಮೀಟರ್ ಮತ್ತು ಸ್ಟೀರಿಂಗ್ ಸಾಕು, ಮತ್ತೊಬ್ಬರಿಗೆ ಆರ್.ಸಿ. ಪುಸ್ತಕ, ಅಂದರೆ ನೋಂದಣಿ ಪತ್ರ, ಮಾತ್ರ ಬೇಕು. ಕಾಗದವನ್ನಷ್ಟೇ ಮಾರುವುದು ಎಷ್ಟು ಅಪಾಯಕರ ಎಂಬುದು ಅನೇಕರಿಗೆ ತಿಳಿದಂತಿಲ್ಲ. ಒಂದು ಕಾರಿನ ಪುಸ್ತಕ ಇನ್ನೊಂದು ಕಾರಿಗೆ, ಅದೂ ಕದ್ದ ಕಾರಿಗೆ, ಅಂಟಿಕೊಂಡರೆ ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ದಾಖಲೆಯಲ್ಲಿ ಹೆಸರಿರುವ ಮಾಲೀಕರ ಮನೆಗೇ. ಕಾರು ಇನ್ನು ಓಡುವಂತಿಲ್ಲ, ಬಿಚ್ಚಿಯೇ ಮಾರಬೇಕು ಎಂದಾದರೆ 1988ರ ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಪ್ರಕಾರ 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ನೋಂದಣಿ ಪತ್ರವನ್ನು ಒಪ್ಪಿಸಿ ನೋಂದಣಿಯನ್ನು ರದ್ದುಪಡಿಸಿಕೊಳ್ಳಬೇಕು.

ಇಡಿಯಾಗಿ ಮಾರುವುದರಲ್ಲಿ ಇನ್ನೊಂದು ಲಾಭವೂ ಇದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ರೂಪದಲ್ಲಿಯೇ ಉಳಿದಿರುವ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಅವುಗಳಿಗೆ ‘ವಿಎ’ ಅಕ್ಷರಗಳಿರುವ ಪ್ರತ್ಯೇಕ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲದಿದ್ದರೂ ಪ್ರದರ್ಶನಕ್ಕೆ, ರ‍್ಯಾಲಿಗೆ ಒಯ್ಯಬಹುದು. ಆದರೆ ಚಾಸಿ (ವಾಹನದ ಅಡಿಯ ಚೌಕಟ್ಟು), ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆಯಾಗಿರಬಾರದು ಎಂಬ ಷರತ್ತು ಇರುವುದರಿಂದ, ಮೂಲ ಎಂಜಿನ್ ಬೇರೆಡೆ ಹೋದ ಕಾರಿಗೆ ಈ ಬಾಗಿಲು ಮುಚ್ಚಿದಂತೆಯೇ ಸರಿ.

ಕರಾವಳಿಯಲ್ಲಿ ಇಂತಹ ಕಾರನ್ನು ಮಾರುವವರೂ ಕೊಳ್ಳುವವರೂ ತುಕ್ಕಿನ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಹಳೆಯ ಬಣ್ಣವನ್ನು ಕೆರೆದು, ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ಅಡಿಲೇಪ) ಮಾತ್ರ ಹೊಡೆದು ನಿಲ್ಲಿಸಿದ ಬಾಡಿ, ಹಳೆಯ ಬಣ್ಣದಲ್ಲಿಯೇ ಬಿಟ್ಟ ಬಾಡಿಗಿಂತ ಬೇಗ ಹಾಳಾಗುತ್ತದೆ, ಏಕೆಂದರೆ ಮೇಲೆ ಬಣ್ಣವಿಲ್ಲದ ಪ್ರೈಮರ್ ತೇವವನ್ನು ತಡೆಯಲಾರದು. ನಮ್ಮ ಸಮುದ್ರದ ಗಾಳಿಯ ಉಪ್ಪು ಅದರಡಿಯಲ್ಲಿಯೇ ತಗಡನ್ನು ತಿನ್ನುತ್ತದೆ. ಫಿಯೆಟ್ ಮತ್ತು ಅಂಬಾಸಿಡರ್‌ಗಳಿಗೆ ಜೀಪಿನಂತೆ ಪ್ರತ್ಯೇಕ ಚಾಸಿ ಇಲ್ಲದ ಕಾರಣ ಕಾರಿನ ಬಲವೆಲ್ಲ ನೆಲದ ತಗಡಿನಲ್ಲಿ ಮತ್ತು ಬಾಗಿಲ ಕೆಳಗಿನ ಪಟ್ಟಿಗಳಲ್ಲಿದೆ. ಅಲ್ಲಿ ತೂತು ಬಿದ್ದಿದ್ದರೆ ಹೊರಗಿನ ಅಂದ ಎಷ್ಟಿದ್ದರೂ ಪ್ರಯೋಜನವಿಲ್ಲ. ಪುಟ್ಟಿ ದಪ್ಪವಾಗಿ ತುಂಬಿದ ಜಾಗದಲ್ಲಿ ಅಯಸ್ಕಾಂತ ಹಿಡಿಯುವುದಿಲ್ಲ; ಕೊಳ್ಳುವವರು ಪರೀಕ್ಷಿಸಲಿ, ಮಾರುವವರು ಅಡ್ಡಿಪಡಿಸದಿರಲಿ. ಎಂಜಿನ್ ಕೈಯಲ್ಲಿ ತಿರುಗುತ್ತದೆಯೇ, ಪಿಸ್ಟನ್ ಜಾಮ್ ಆಗಿದೆಯೇ ಎಂಬುದನ್ನೂ ಮೊದಲೇ ಹೇಳಿಬಿಡುವುದು ಪ್ರಾಮಾಣಿಕ ವ್ಯವಹಾರ.

ಬಿಚ್ಚಿದ ಭಾಗಗಳ ಮಾತು ಇನ್ನೂ ಮುಖ್ಯ. ಹೊಸಬರು ಬೆಲೆ ಕಟ್ಟುವುದು ಎಂಜಿನ್‌ಗೆ, ಆದರೆ ನಿಜವಾಗಿ ಸಿಗದಿರುವುದು ಸಣ್ಣ ವಸ್ತುಗಳು: ಗಾಜಿನ ರಬ್ಬರ್ ಬೀಡಿಂಗ್, ಬಾಗಿಲ ಹಿಡಿ, ಕ್ರೋಮ್ ಪಟ್ಟಿ, ದೀಪಗಳ ಗಾಜು. ಫಿಯೆಟ್‌ನ 1089 ಸಿಸಿ ಎಂಜಿನ್ ಅದೇ ಕಾರಿನ ಮುಂದಿನ ರೂಪವಾದ ಪ್ರೀಮಿಯರ್ ಪದ್ಮಿನಿಯಲ್ಲಿಯೂ ಮುಂದುವರಿದಿದ್ದರಿಂದ ಅದರ ಭಾಗಗಳಿಗೆ ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳೇ ಆಧಾರವಾಗಿದ್ದವು. 2023ರ ಅಕ್ಟೋಬರ್‌ನಲ್ಲಿ ಆ ಟ್ಯಾಕ್ಸಿಗಳ ಓಟವೂ ಮುಗಿಯಿತು. ಇನ್ನು ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿಗಳಲ್ಲಿ ಅಲೆದರೆ ಸಿಕ್ಕಷ್ಟು. ಆದ್ದರಿಂದ ಪ್ರತಿ ಭಾಗವನ್ನೂ ಚೀಟಿ ಅಂಟಿಸಿದ ಚೀಲಗಳಲ್ಲಿ ಕಟ್ಟಿ, ಪಟ್ಟಿ ಬರೆದು, ಬಿಚ್ಚುವ ಮೊದಲಿನ ಫೋಟೊಗಳ ಜೊತೆಗೆ ಕೊಳ್ಳುವವರ ಕೈಗೆ ಒಪ್ಪಿಸಬೇಕು. ಖರ್ಚು ಮಾಡಿದ್ದೆಲ್ಲ ಹಿಂದಿರುಗುವುದಿಲ್ಲ ಎಂಬುದು ಕಹಿಯಾದರೂ ಒಪ್ಪಬೇಕಾದ ಮಾತು. ಬೆಲೆ ನಿಲ್ಲುವುದು ಉಳಿದಿರುವ ಕೆಲಸದ ಮೇಲೆ.

ಮಾರಿದ ಮೇಲೆ ಹೆಸರು ವರ್ಗಾವಣೆಯ 29 ಮತ್ತು 30ನೇ ನಮೂನೆಗಳನ್ನು ಸಲ್ಲಿಸುವುದನ್ನು ಮುಂದೂಡಬಾರದು. ಇಲ್ಲಿ ಸಾರಿಗೆ ಇಲಾಖೆಯಿಂದಲೂ ಒಂದು ನೆರವು ಬೇಕಾಗಿದೆ. ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು, ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿತು. ಆ ಕಾಲದ ಪುಸ್ತಕಗಳಲ್ಲಿನ ವಿವರ ಕಂಪ್ಯೂಟರ್ ದಾಖಲೆಗೆ ಸೇರದಿದ್ದರೆ ವರ್ಗಾವಣೆ ಮುಂದಕ್ಕೆ ಹೋಗುವುದೇ ಇಲ್ಲ. ಕಾರವಾರ, ಹೊನ್ನಾವರ ಮತ್ತು ಶಿರಸಿಯ ಕಚೇರಿಗಳಲ್ಲಿ ತಿಂಗಳಿಗೊಂದು ದಿನವನ್ನು ಹಳೆಯ ವಾಹನಗಳ ಪುಸ್ತಕ ಮತ್ತು ಚಾಸಿ ಸಂಖ್ಯೆಗಳ ಪರಿಶೀಲನೆಗೆ ಮೀಸಲಿಟ್ಟರೆ, ಕಾಗದದ ತೊಡಕಿಗೆ ಹೆದರಿ ಕಾರನ್ನು ಗುಜರಿಗೆ ತೂಗಿ ಕೊಡುವವರಲ್ಲಿ ಕೆಲವರಾದರೂ ಇಡಿಯಾಗಿ ಮಾರಲು ಮುಂದೆ ಬಂದಾರು. ಈ ಬಗ್ಗೆ ಇಲಾಖೆಯ ಅಧಿಕಾರಿಗಳು ಗಮನ ಹರಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಹಿರಿಯ ಓದುಗ, ಕಾರವಾರ