ಟಿವಿ ಟವರ್ ಇತಿಹಾಸ: ಭಾನುವಾರದೊಳಗೆ ಸಾಮಗ್ರಿ ಕಳಿಸ್ರಿ

ಎಲ್ಲರಿಗೂ ಶರಣು. ಕಲಬುರಗಿ, ಯಾದಗಿರಿ, ಬೀದರ್ ಭಾಗದ ಹಳೇ ಟಿವಿ ಪ್ರಸಾರದ ಫೋಟೊ, ಟೇಪ್, ಕಾಗದಪತ್ರ ಇದ್ದವರು ಬರುವ ಭಾನುವಾರ ಸಂಜೆಯೊಳಗೆ ಕಳಿಸ್ರಿ.

ಮೂರು ಕಾಲ ಕಲಸಬೇಡ್ರಿ, ಹೆಚ್ಚು ತಪ್ಪಾಗೋದು ಇಲ್ಲೇ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದದ್ದು ಸೈಟ್ (SITE, ಉಪಗ್ರಹದಿಂದ ಹಳ್ಳಿಗಳಿಗೆ ಟಿವಿ ತೋರಿಸಿದ) ಪ್ರಯೋಗ: ಎಟಿಎಸ್-6 ಉಪಗ್ರಹದ ಸಿಗ್ನಲ್ ನೇರ ಹಳ್ಳಿಯ ಜಾಳಿಗೆ ಡಿಶ್‌ಗೆ, ನಡುವೆ ಟವರ್ ಇಲ್ಲ. 1977ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಟ್ರಾನ್ಸ್‌ಮಿಟರ್ ಬಂತು. 100 ವಾಟ್‌ನ ಎಲ್‌ಪಿಟಿಗಳು (ಕಡಿಮೆ ಶಕ್ತಿಯ ಟ್ರಾನ್ಸ್‌ಮಿಟರ್‌ಗಳು) ದೇಶದ ತುಂಬ ಹಬ್ಬಿದ್ದು 1984ರ ಸುಮಾರಿಗೆ. ಅವು ಇನ್ಸಾಟ್-1ಬಿ ಉಪಗ್ರಹದ ಸಿಗ್ನಲ್ ಹಿಡಿದು ಮರುಪ್ರಸಾರ ಮಾಡುವಂಥವು. ಹಂಗಾಗಿ ಎಲ್‌ಪಿಟಿ ಫೋಟೊಕ್ಕೆ "ಸ್ಟುಡಿಯೊ" ಅಂತ ಬರೀಬೇಡ್ರಿ. ಊರು ದಾಟಿದರೆ ಚಿತ್ರ ಮಸುಕು, ಅದಕ್ಕೇ ಮಾಳಗಿ ಮ್ಯಾಲೆ ಉದ್ದ ಕಂಬ, ಬೂಸ್ಟರ್. ಅಂಥ ಆ್ಯಂಟೆನಾ ಫೋಟೊನೂ ಬೇಕು.

ಫೋಟೊ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಈ ಗುಂಪಿನ್ಯಾಗ "ಡಾಕ್ಯುಮೆಂಟ್" ಆಗಿ ಹಾಕ್ರಿ. ಫೋಟೊ ಆಗಿ ಹಾಕಿದ್ರೆ ಒತ್ತಿ ಸಣ್ಣದಾಗ್ತದ. ಹಿಂಬದಿ ಬರಹವನ್ನೂ ಸ್ಕ್ಯಾನ್ ಮಾಡ್ರಿ. ಊರು, ವರ್ಷ ಬರೀರಿ. ಯಾದಗಿರಿಯವರು ಆಗಿನ ಜಿಲ್ಲೆ ಗುಲ್ಬರ್ಗಾ ಅಂತ ಸೇರಿಸ್ರಿ. ಪ್ರತ್ಯೇಕ ಜಿಲ್ಲೆ ಆದದ್ದು 2009ರ ಕೊನೆಗೆ.

ವಿಎಚ್‌ಎಸ್ ಟೇಪ್ ಇದ್ದವರು ದಯವಿಟ್ಟು ಮನ್ಯಾಗ ಹಾಕಿ ನೋಡಬೇಡ್ರಿ. ಕ್ಯಾಸೆಟ್ಟಿನ ಪಾರದರ್ಶಕ ಕಿಟಕಿಯಿಂದ ನೋಡಿದಾಗ ಸುರುಳಿ ಮ್ಯಾಲೆ ಬಿಳಿ ಬೂಷ್ಟು ಕಂಡ್ರೆ ಅದು ವಿಸಿಆರ್ ಹೆಡ್‌ಗೂ ಅಂಟಿ, ಮುಂದಿನ ಟೇಪಿಗೂ ಹರಡ್ತದ. ಬೇರೆ ಕವರಿನಾಗ ಇಟ್ಟು, ನೆಟ್ಟಗೆ ನಿಲ್ಲಿಸ್ರಿ. ಟಿವಿ, ಸ್ಪೀಕರ್ ಪಕ್ಕ ಬ್ಯಾಡ.

ಟೇಪ್ ಇದ್ದವರು "ಟೇಪ್", ಎಷ್ಟು ಅಂತ ಇವತ್ತೇ ಉತ್ತರಿಸ್ರಿ. ಬರೀ ಹೆಬ್ಬೆರಳು ಒತ್ತಿದ್ರೆ ಲೆಕ್ಕಕ್ಕೆ ಬರೂದಿಲ್ರಿ.